ಕೇಳದೆ ಬಡಿಸುವವಳು

ಕರೋಲ್ ಬಾಗ್‌ನ ಆ ಹೋಟೆಲಿನ ಗಲ್ಲಾದಲ್ಲಿ ಕೂರುವ ಜಲಜಾಕ್ಷಿಗೆ ಒಂದು ಜಂಬವಿತ್ತು. ದಿನಾ ಬರುವ ಗಿರಾಕಿಗೆ ಏನು ಬೇಕೆಂದು ಅವಳು ಕೇಳುತ್ತಿರಲಿಲ್ಲ. ಅವನು ಕುರ್ಚಿ ಎಳೆಯುವುದರೊಳಗೆ ಅವಳ ಕೂಗು ಅಡುಗೆಮನೆ ಮುಟ್ಟುತ್ತಿತ್ತು. "ಕೇಳಿ ಬಡಿಸುವುದು ಹೋಟೆಲು, ಕೇಳದೆ ಬಡಿಸುವುದು ಮನೆ," ಎನ್ನುತ್ತಿದ್ದಳು. ಇದನ್ನು ಕಲಿಸಿದ್ದು ಅಪ್ಪ ಜಯಾನಂದ. ಉಡುಪಿ ಕಡೆಯಿಂದ ಬಂದು, ಬೇರೆಯವರ ಕಾವಲಿಯ ಮುಂದೆ ಬೆವರು ಸುರಿಸಿ, ಕೊನೆಗೆ ಸ್ವಂತ ಹೋಟೆಲು ಹಾಕಿದ ಮನುಷ್ಯ. ಅವಳ ಗೆಳತಿಯಾದ ನಾನೊಮ್ಮೆ ಇಡ್ಲಿ ತಿನ್ನೋಣವೆಂದು ಹೋದರೂ ನನ್ನ ಮುಂದೆ ಬಂದದ್ದು ಮಸಾಲೆ ದೋಸೆ. ಬೇಡ ಎನ್ನುವ ಧೈರ್ಯ ನನಗೂ ಇರಲಿಲ್ಲ.

ಎರಡು ಸಾವಿರದ ಆರರ ಚಳಿಗಾಲದಲ್ಲಿ ಜಯಾನಂದರ ಶ್ವಾಸಕೋಶ ಕೈಕೊಟ್ಟಿತು. ಸೇರಿಸಿದ ಆಸ್ಪತ್ರೆ ಜನಕಪುರಿಯಲ್ಲಿ, ನನ್ನ ಮನೆಯ ಹತ್ತಿರವೇ. ಹಾಗಾಗಿ ಗಂಜಿ ತಿಳಿಯ ಫ್ಲಾಸ್ಕ್ ಹೊರುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಮಧ್ಯಾಹ್ನ ಡಾಕ್ಟರು ಜಲಜಾಕ್ಷಿಯನ್ನೂ ಅವಳ ತಮ್ಮ ಸುಶಾಂತನನ್ನೂ ವರಾಂಡಕ್ಕೆ ಕರೆದರು. ಉಸಿರು ಇನ್ನೂ ಕುಗ್ಗಬಹುದು, ಆಗ ಗಂಟಲಿಗೆ ಕೊಳವೆ ಇಳಿಸಿ ಮೆಷಿನ್ನಿಗೆ ಹಾಕಬೇಕೋ ಬೇಡವೋ, ಮನೆಯವರು ಹೇಳಿ ಎಂದರು.

"ಬೇಡ," ಎಂದಳು ಜಲಜಾಕ್ಷಿ, ಆರ್ಡರ್ ಕೂಗಿದಷ್ಟೇ ಸಲೀಸಾಗಿ. ಹಿಂದೊಮ್ಮೆ ಗೆಳೆಯ ಅನಂತಮೂರ್ತಿಯನ್ನು ಅದೇ ಮೆಷಿನ್ನಿನಲ್ಲಿ ನೋಡಿ ಬಂದಿದ್ದ ಅಪ್ಪ, "ನನಗೆ ಇಂಥದ್ದು ಮಾಡಿಸಬೇಡಿ," ಎಂದು ಊಟದ ತಟ್ಟೆಯ ಮುಂದೆ ಕೂತು ಕೈಮುಗಿದಿದ್ದರಂತೆ.

ಗುರ್‌ಗಾಂವ್‌ನ ಆಫೀಸಿನಿಂದ ಓಡಿಬಂದಿದ್ದ ಸುಶಾಂತ್ ಮೆಲ್ಲಗೆ ಹೇಳಿದ, "ಅಕ್ಕ, ಅಪ್ಪನ್ನೇ ಏಕ್ ಬಾರ್ ಪೂಛ್ ಲೇತೇ ಹೈಂ ನಾ. ಒಮ್ಮೆ ಕೇಳಿಬಿಡೋಣ."

"ಹಾಸಿಗೆಯಲ್ಲಿ ಇರುವವರ ಎದುರು ಸಾವಿನ ಮಾತು ಎತ್ತುತ್ತಾರಾ? ನಿನಗೆ ಬುದ್ಧಿ ಉಂಟಾ? ಅಪ್ಪನ ಮನಸ್ಸು ನನಗೆ ಗೊತ್ತಿಲ್ವಾ?"

ಅವನು ಔಷಧಿ ಚೀಟಿ ಹಿಡಿದು ಕೆಳಗಿಳಿದ. ಡಾಕ್ಟರು ತಲೆಯಾಡಿಸಿ ಹೋದರು. ಫ್ಲಾಸ್ಕ್ ಹಿಡಿದು ಅಲ್ಲೇ ನಿಂತಿದ್ದ ನಾನೂ ಜಲಜಾಕ್ಷಿಯೂ ಒಳಗೆ ಹೋದೆವು. ಅವಳು ಚಮಚದಲ್ಲಿ ಗಂಜಿ ತಿಳಿ ಕುಡಿಸತೊಡಗಿದಳು.

"ಡಾಕ್ಟರು ಎಂತ ಹೇಳಿದರು?" ಎಂದು ಜಯಾನಂದರು ಕೇಳಿದರು.

"ಎಂತ ಇಲ್ಲ ಅಪ್ಪ. ಕಫ ಕರಗಿದ ಕೂಡಲೇ ಮನೆಗೆ."

"ಮೆಷಿನ್ ವಿಷಯ ಅಲ್ವಾ? ನಿನ್ನೆ ಪಕ್ಕದ ಹಾಸಿಗೆಯವರ ಮಗನನ್ನೂ ಹೀಗೇ ಹೊರಗೆ ಕರೆದಿದ್ದರು." ಅವರು ಉಸಿರು ಎಳೆದುಕೊಂಡರು. "ನೀನು ಎಂತ ಹೇಳಿದೆ?"

ಅವಳಿಗೆ ಸುಳ್ಳು ಹೊಳೆಯಲಿಲ್ಲ. "ಬೇಡ ಅಂದೆ. ನೀವೇ ಹೇಳಿದ್ದಿರಲ್ಲ, ಅನಂತಮೂರ್ತಿಯವರನ್ನು ನೋಡಿ ಬಂದ ದಿನ."

"ಅವತ್ತು ಸಾಯ್ತಾ ಇದ್ದದ್ದು ಅನಂತಮೂರ್ತಿ," ಎಂದರು ಜಯಾನಂದರು. "ನಾನಲ್ಲ. ನನಗೆ ಬದುಕಬೇಕು ಮಗಾ. ಹಾಕಿಸು."

ಚಮಚ ಅವಳ ಕೈಯಲ್ಲೇ ನಿಂತಿತು. ಅಪ್ಪನೇ ಬಾಯಿ ಬಿಟ್ಟು ಕೇಳದೇ ಹೋಗಿದ್ದರೆ ಏನಾಗುತ್ತಿತ್ತೆಂದು ಇಬ್ಬರಿಗೂ ಒಟ್ಟಿಗೇ ಹೊಳೆದಿರಬೇಕು. ಅವಳು ಚಪ್ಪಲಿಯನ್ನೂ ಮರೆತು ಡಾಕ್ಟರನ್ನು ಹುಡುಕಿಕೊಂಡು ಓಡಿದಳು. ಜೀವಮಾನದಲ್ಲಿ ಅವಳು ಆರ್ಡರ್ ಬದಲಿಸಿದ್ದು ಅದೇ ಮೊದಲು.

ಅಂದು ಸಂಜೆಯೇ ಮೆಷಿನ್ ಬೇಕಾಯಿತು. ಮುದುಕ ಗಟ್ಟಿ ಪಿಂಡ. ಕೆಲವು ದಿನಗಳಲ್ಲಿ ಕೊಳವೆ ತೆಗೆದರು. ಹೋಟೆಲಿನ ಮೇಲಿನ ಮನೆಗೆ ಬಂದು, ದನಿ ಒಡೆದಿದ್ದರೂ ಸಾಂಬಾರಿಗೆ ಹುಳಿ ಜಾಸ್ತಿಯಾಯಿತೆಂದು ಬೈಯುವಷ್ಟು ಚೇತರಿಸಿಕೊಂಡರು.

ಮತ್ತೆ ಉಸಿರು ಕಟ್ಟಿದ್ದು ಬೇಸಿಗೆಯ ಹೊತ್ತಿಗೆ. ಅಷ್ಟರಲ್ಲಿ ಎಲ್ಲರಿಗೂ ಉತ್ತರ ಬಾಯಿಪಾಠವಾಗಿತ್ತು. ಸುಶಾಂತ್ ಆಂಬುಲೆನ್ಸಿಗೆ ಫೋನ್ ಮಾಡಿಯೇ ಬಿಟ್ಟಿದ್ದ, ನಾನು ಚೀಲಕ್ಕೆ ಬಟ್ಟೆ ತುಂಬುತ್ತಿದ್ದೆ. ಜಲಜಾಕ್ಷಿ ಮಾತ್ರ ಮಂಚದ ಅಂಚಿನಲ್ಲಿ ಕೂತು ಅಪ್ಪನ ಮುಖಕ್ಕೆ ಮುಖ ತಂದಳು.

"ಅಪ್ಪ, ಈ ಸಲವೂ ಮೆಷಿನ್ ಹಾಕಿಸುವುದಾ?"

ಅವರು ತಲೆಯನ್ನು ಅಡ್ಡಡ್ಡ ಆಡಿಸಿದರು.

ಅವಳು ನಂಬಲಿಲ್ಲ. ಮತ್ತೆ ಕೇಳಿದಳು. "ಬೇಡ. ಮನೆಯಲ್ಲೇ ಇರ್ತೇನೆ," ಎಂದರು.

"ಅವತ್ತು ಬೇಕು ಅಂದಿರಲ್ಲ ಅಪ್ಪ?" ಈ ಸಲ ಹಾಕಿಸಲೇಬೇಕೆಂಬ ಆಸೆ ಅವಳಿಗಿತ್ತು, ನನಗೆ ಚೆನ್ನಾಗಿ ಕಾಣುತ್ತಿತ್ತು.

"ಅದು ಅವತ್ತು," ಎಂದರು.

ಬಂದ ಆಂಬುಲೆನ್ಸನ್ನು ಅವಳೇ ಕೆಳಗಿಳಿದು ವಾಪಸ್ ಕಳಿಸಿದಳು. ಹೋಟೆಲಿನ ಮೇಲಿನ ಆ ಕೋಣೆಯಲ್ಲಿ, ಅವಳ ಕೈಯಿಂದ ನೀರು ಕುಡಿದು, ಅವರು ಮರುದಿನ ಹೋದರು.

ವೈಕುಂಠ ಸಮಾರಾಧನೆ ಮುಗಿದ ಮೇಲೆ ನಾನು ಹೋಟೆಲಿಗೆ ಹೋದೆ. ಗಲ್ಲಾದಿಂದ ಕೂಗು ಏಳಲಿಲ್ಲ. ಎದ್ದು ನನ್ನ ಮೇಜಿನ ತನಕ ಬಂದಳು.

"ನಿನಗೆ ಎಂತ ಬೇಕು?"

"ಗೊತ್ತಲ್ಲ, ಯಾವಾಗಿನದ್ದೇ."

"ನನಗೆ ಗೊತ್ತಿಲ್ಲ ಮಾರಾಯ್ತಿ," ಎಂದಳು. "ನೀನೇ ಹೇಳು."

ಇಡ್ಲಿ ಎಂದೆ.