ಜೀಪಿಗೆ ಆಲ್ಟರ್ನೇಟರ್ ಹಾಕಿಸಿದ್ದು

ಅಣ್ಣನ ಜೀಪು ಮಿಲಿಟರಿಯವರು ಹರಾಜಿಗೆ ಬಿಟ್ಟದ್ದು. ಮನೆಯಲ್ಲಿ ನನಗಿಂತ ಅದಕ್ಕೇ ಮರ್ಯಾದೆ ಹೆಚ್ಚು. ಎಂಬತ್ತರ ದಶಕದ ಮೊದಲ ವರ್ಷಗಳು. ಅವ್ವನಿಗೆ ಎದೆಯ ಕಾಯಿಲೆ. ಉಸಿರು ಕಟ್ಟಿತೆಂದರೆ ಇಳಕಲ್ಲಿನಿಂದ ಬಾಗಲಕೋಟೆಯ ದವಾಖಾನೆಗೆ ಓಡಬೇಕು, ಓಡಲು ಆ ಜೀಪೊಂದೇ.

ಅದರ ಹಳೆಯ ಡೈನಮೋ ಬ್ಯಾಟರಿಯನ್ನು ಸದಾ ಅರೆಹೊಟ್ಟೆಯಲ್ಲಿಡುತ್ತಿತ್ತು. ಹೀಗಾಗಿ ದಾರಿಯಲ್ಲಿ ಎಲ್ಲಿ ನಿಂತರೂ ಅಣ್ಣ ಎಂಜಿನ್ ಆರಿಸುತ್ತಿರಲಿಲ್ಲ. ಯಾರದ್ದಾದರೂ ಗಾಡಿ ಕೆಟ್ಟು ನಿಂತಿದ್ದರೆ, ಚಾಲೂ ಇದ್ದ ಜೀಪಿನಿಂದಲೇ ಬ್ಯಾಟರಿ ಬಿಚ್ಚಿ ಕೊಡುತ್ತಿದ್ದ. ಅವರದು ಚಾಲೂ ಆದ ಮೇಲೆ ತಂದು ಕೂರಿಸುತ್ತಿದ್ದ. ನಮ್ಮ ಕಡೆ ಅದೇ ರೂಢಿ.

ಅವ್ವನ ಸಲುವಾಗಿಯೇ ಅವನು ಬಾಗಲಕೋಟೆಯಲ್ಲಿ ಡೈನಮೋ ತೆಗೆಸಿ, ಬ್ಯಾಟರಿಗೆ ಹೊಟ್ಟೆತುಂಬ ಕರೆಂಟು ಕೊಡುವ ಹೊಸ ನಮೂನೆಯ ಆಲ್ಟರ್ನೇಟರ್ ಹಾಕಿಸಿದ. ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ಹೇಳಿದ: “ಇನ್ನ ಚಿಂತಿ ಬಿಡ್ರಿ. ಒಂದ್ ಮಾತು, ಎಂಜಿನ್ ಚಾಲೂ ಇದ್ದಾಗ ಬ್ಯಾಟರಿ ವಾಯರ್ ತಗೀಬ್ಯಾಡ್ರಿ. ಒಳಗಿಂದು ಸುಟ್ಟು ಹೋಗ್ತದ.”

ಅಣ್ಣ ಹೂಂ ಅಂದ. ಹೂಂ ಅನ್ನುವುದರಲ್ಲಿ ನಮ್ಮ ಮನೆಯವರು ಎಂದೂ ಹಿಂದೆ ಬಿದ್ದವರಲ್ಲ.

ಅದೇ ಮಧ್ಯಾಹ್ನ ಅವ್ವನನ್ನು ದವಾಖಾನೆಯಿಂದ ಕರೆದುಕೊಂಡು ಮರಳುವಾಗ ಹುನಗುಂದದ ಹತ್ತಿರ ಒಂದು ಟೆಂಪೋ ನಿಂತಿತ್ತು. ಬಸುರಿಯೊಬ್ಬಳ ಕುಬಸಕ್ಕೆ ಹೊರಟ ಹೆಂಗಸರು ಬಿಸಿಲಲ್ಲಿ ಬುತ್ತಿ ಹಿಡಿದು ಕೂತಿದ್ದರು. ಡ್ರೈವರ್ ಬಂದು ಬ್ಯಾಟರಿ ಕೇಳಿದ. ಅಣ್ಣ ಬಾನೆಟ್ಟಿನತ್ತ ನೋಡಿದ.

“ಕೊಡಪಾ,” ಅವ್ವ ಹಿಂದಿನಿಂದ ಅಂದಳು. “ಬೆಂಕಿ ಕೇಳಾಕ ಬಂದವ್ರಿಗೆ ಇಲ್ಲ ಅಂತಾರೇನು?”

ಅಣ್ಣ ಇಳಿದ. ಎಂಜಿನ್ ಓಡುತ್ತಲೇ ಇತ್ತು. ಅವನ ಕೈ ರೂಢಿಯಂತೆ ವಾಯರ್ ಬಿಚ್ಚಿತು. ಬ್ಯಾಟರಿ ಮರಳಿ ಬಂತು, ಟೆಂಪೋ ಹೋಯಿತು, ಹೆಂಗಸರು ಕೈ ಬೀಸಿದರು. ನಮ್ಮ ಜೀಪಿನಲ್ಲಿ ಕೆಂಪು ದೀಪವೊಂದು ಉರಿಯತೊಡಗಿತ್ತು. “ವಾಯರ್ ಸಡ್ಲ ಆಗಿರಬೇಕು, ನಾಳಿ ನೋಡೂಣು,” ಅಂದ ಅಣ್ಣ.

ಮರುದಿನ ಬೆಳಿಗ್ಗೆ ಅವ್ವನ ಉಸಿರು ಕಟ್ಟಿತು. ಜೀಪು ಸದ್ದೇ ಮಾಡಲಿಲ್ಲ. ಸುಟ್ಟ ಆಲ್ಟರ್ನೇಟರ್ ರಾತ್ರಿಯಿಡೀ ಬ್ಯಾಟರಿಯನ್ನು ಹೀರಿ ಬರಿದು ಮಾಡಿತ್ತು. ಡೈನಮೋ ಇದ್ದಾಗ ನೂಕಿದರಾದರೂ ಚಾಲೂ ಆಗುತ್ತಿತ್ತು. ಆಲ್ಟರ್ನೇಟರಿಗೆ ಮೊದಲು ಬ್ಯಾಟರಿಯ ಕರೆಂಟೇ ಬೇಕು; ಈಗ ಓಣಿಯವರೆಲ್ಲ ಸೇರಿ ನೂಕಿದರೂ ಎಂಜಿನ್ ಮಿಸುಕಲಿಲ್ಲ. ಅಣ್ಣ ಬಾನೆಟ್ಟಿಗೆ ಗುದ್ದಿದ. ಅವ್ವ ನನ್ನ ಮುಂಗೈ ಹಿಡಿದು, “ಅಂವಗ ಏನೂ ಅನ್ನಬ್ಯಾಡ್ರಿ. ಕೊಡು ಅಂದಾಕಿ ನಾನು,” ಅಂದಳು. ಅವಳನ್ನು ಬಾಗಲಕೋಟೆಯ ಬಸ್ಸಿಗೆ ಹತ್ತಿಸಿದೆವು. ಬಸ್ಸು ಹುನಗುಂದ ದಾಟುವುದರೊಳಗೆ ಅವಳು ಹೋಗಿಬಿಟ್ಟಿದ್ದಳು.

ನನಗೆ ಅಳು ಬರಲಿಲ್ಲ. ಮಣ್ಣು ಕೊಟ್ಟ ದಿನವೂ ಬರಲಿಲ್ಲ. ಬಂದವರಿಗೆ ಚಹಾ ಕೊಟ್ಟೆ, ಜಮಖಾನ ಝಾಡಿಸಿದೆ. ಒಳಗೆಲ್ಲ ಮರಗಟ್ಟಿತ್ತು. ಇವನಿಗೆ ಎಂಥ ಕಲ್ಲೆದೆ ಎಂದು ಸೋದರತ್ತೆ ಅಂದದ್ದು ಕೇಳಿಸಿತು, ಅದೂ ನಾಟಲಿಲ್ಲ.

ಆಲ್ಟರ್ನೇಟರ್ ರಿಪೇರಿಯಾಯಿತು. ಮುಂದೊಮ್ಮೆ ಬಾದಾಮಿಯ ದಾರಿಯಲ್ಲಿ ಯಾರೋ ಬ್ಯಾಟರಿ ಕೇಳಿದರು. ಅಣ್ಣ ಇಲ್ಲವೆನ್ನಲಿಲ್ಲ. ಮೊದಲು ಎಂಜಿನ್ ಆರಿಸಿದ, ಆಮೇಲೆ ಬಿಚ್ಚಿ ಕೊಟ್ಟ. ಅವರ ಗಾಡಿ ಹೋಯಿತು. ಬ್ಯಾಟರಿ ಮತ್ತೆ ಕೂರಿಸಿ ಕೀಲಿ ತಿರುಗಿಸಿದರೆ, ನಮ್ಮ ಜೀಪೂ ಒಂದೇ ಸಲಕ್ಕೆ ಚಾಲೂ ಆಯಿತು.

“ಇಷ್ಟಽ ಇತ್ತು ನೋಡು,” ಅಂದ ಅಣ್ಣ. ಬಹಳ ಹೊತ್ತು ಗೇರು ಹಾಕಲಿಲ್ಲ.