ಕನ್ನಡಕದಕ್ಕನ ಕಿವಿ

ಪೇಟೆ ಬೀದಿಯ ಆ ಕನ್ನಡಕದ ಅಂಗಡಿಗೆ ಹೋಗಿಬಂದವರಿಗೆಲ್ಲ ಅವಳು ಕನ್ನಡಕದಕ್ಕ. ಕಣ್ಣು ಪರೀಕ್ಷೆ ಮಾಡಿ ನಂಬರು ಬರೆಯುವುದು ಅಂಗಡಿಯ ಯಜಮಾನರ ಕೆಲಸ. ಮುಖಕ್ಕೊಪ್ಪುವ ಫ್ರೇಮು ಆರಿಸಿಕೊಟ್ಟು, ಅದರ ಕಡ್ಡಿಗಳನ್ನು ಬಿಸಿ ಮಾಡಿ, ಗಿರಾಕಿಯ ಕಿವಿಯ ಹಿಂದೆ ನೆಟ್ಟಗೆ ಕೂರುವ ಹಾಗೆ ಬಗ್ಗಿಸಿಕೊಡುವುದು ಅಕ್ಕನ ಕೆಲಸ. ಇಪ್ಪತ್ತು ವರ್ಷದಿಂದ ಅದೇ ಸ್ಟೂಲು, ಅದೇ ಕನ್ನಡಿ. “ಸ್ವಲ್ಪ ಕೂದಲು ಹಿಂದಕ್ಕೆ ತಗೊಳ್ಳಿ” ಎಂದು ದಿನಕ್ಕೆ ನಲವತ್ತು ಸಲವಾದರೂ ಹೇಳುತ್ತಿದ್ದಳು. ತನ್ನ ಕೂದಲನ್ನು ಮಾತ್ರ ಯಾರೆದುರಿಗೂ ಹಿಂದಕ್ಕೆ ತೆಗೆದುಕೊಂಡವಳಲ್ಲ.

ಅವಳ ಕಿವಿಗಳು ತಲೆಯಿಂದ ದೂರ ಸರಿದು ನಿಂತಿದ್ದವು. ಕೇಳುವುದಕ್ಕೆ ಏನೇನೂ ತೊಂದರೆಯಿರಲಿಲ್ಲ, ನೋಡುವುದಕ್ಕಷ್ಟೇ. ಶಾಲೆಯಲ್ಲಿ ಹುಡುಗರು ‘ಮೊರ’ ಎಂದು ಹೆಸರಿಟ್ಟಿದ್ದರು. ಒಂದು ದಿನ ಹಾಜರಿ ಕರೆಯುತ್ತಿದ್ದ ಮೇಷ್ಟ್ರ ಬಾಯಿಂದಲೇ ಆ ಹೆಸರು ಜಾರಿಬಿಟ್ಟಿತು. ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಮೇಷ್ಟ್ರೂ ನಕ್ಕರು. ಅಂದಿನಿಂದ ಅವಳ ಕೂದಲು ಕಿವಿಯ ಮೇಲೆ ಪರದೆಯಂತೆ ಇಳಿಯಿತು. ಸೆಖೆಯಲ್ಲಿ ಬೆವರು ಹರಿದರೂ ಎತ್ತಿ ಕಟ್ಟಲಿಲ್ಲ. ಮದುವೆಯಾದ ಹೊಸತರಲ್ಲಿ ತಲೆ ಒರೆಸಿಕೊಳ್ಳುವುದಕ್ಕೂ ಬಚ್ಚಲುಮನೆಯ ಚಿಲಕ ಹಾಕಿಕೊಳ್ಳುತ್ತಿದ್ದಳು. ಗಂಡ ಮುದ್ರಣಾಲಯದಲ್ಲಿ ಮಷಿನ್ ಓಡಿಸುವವನು, ಗದ್ದಲದಲ್ಲೇ ದುಡಿದು ದುಡಿದು ಮನೆಯಲ್ಲೂ ಕೂಗಿಯೇ ಮಾತಾಡುವ ಸಾಧು ಪ್ರಾಣಿ. ಅವನು ಹೆಂಡತಿಯ ಕಿವಿಯ ಬಗ್ಗೆ ಒಂದು ದಿನವೂ ಕಮಕ್ ಕಿಮಕ್ ಅಂದವನಲ್ಲ.

ನಲವತ್ತೊಂದಕ್ಕೆ ಅವಳಿಗೂ ಹತ್ತಿರದ್ದು ಮಸುಕಾಗತೊಡಗಿತು. ಫ್ರೇಮಿನ ಸಾಸಿವೆಯಂಥ ತಿರುಪು ಕೈತಪ್ಪಿ ಎರಡು ಸಲ ನೆಲದ ಪಾಲಾಯಿತು. ಯಜಮಾನರು ತಾವೇ ಕಣ್ಣು ನೋಡಿ, ತಾವೇ ಕನ್ನಡಕ ಸಿದ್ಧಮಾಡಿ, ಅವಳನ್ನು ಗಿರಾಕಿಯ ಕುರ್ಚಿಯಲ್ಲಿ ಕೂರಿಸಿದರು.

“ಕೂದಲು ಹಿಂದಕ್ಕೆ ತಗೋಮ್ಮ, ಕಡ್ಡಿ ಸರಿ ಮಾಡ್ತೀನಿ.”

ಅಕ್ಕನ ಕೈ ಏಳಲಿಲ್ಲ. “ಪರವಾಗಿಲ್ಲ ಸಾರ್, ನಾನೇ ಮಾಡ್ಕೋತೀನಿ” ಎಂದು ಕನ್ನಡಕ ಕಸಿದುಕೊಂಡಂತೆ ತೆಗೆದುಕೊಂಡು ಎದ್ದಳು. ಆಮೇಲೆ ಅದನ್ನು ಕೂದಲಿನ ಮೇಲೆಯೇ ಏರಿಸಿಕೊಂಡು ಓಡಾಡಿದಳು. ಬಗ್ಗಿದರೆ ಸಾಕು, ಕನ್ನಡಕ ಜಾರಿ ಮೇಜಿನ ಮೇಲೆ ಬೀಳುತ್ತಿತ್ತು.

ಈ ಪಾಡನ್ನು ಕಂಡವರು ಒಬ್ಬ ನರ್ಸಮ್ಮ. ದೊಡ್ಡಾಸ್ಪತ್ರೆಯಲ್ಲಿ ಬಹಳ ವರ್ಷದಿಂದ ಇದ್ದವರು, ಹೊಸ ಕನ್ನಡಕಕ್ಕೆ ಬಂದಿದ್ದರು. ಅವರ ಕಡ್ಡಿ ಬಗ್ಗಿಸುತ್ತಿದ್ದ ಹತ್ತು ನಿಮಿಷದಲ್ಲಿ ಅಕ್ಕನ ಕನ್ನಡಕ ಮೂರು ಸಲ ಬಿತ್ತು. ಮೂರನೆಯ ಸಲ ಎತ್ತಿಕೊಟ್ಟ ನರ್ಸಮ್ಮ ಸುತ್ತಮುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು ಕೇಳಿದರು.

“ಕಿವಿ ಮುಂದಕ್ಕಿದೆ ಅಂತ ಮುಚ್ಚಿಟ್ಕೊಂಡಿದೀಯಾ?”

ಅಕ್ಕ ನಾಚಿಕೊಂಡು ಹೌದೆಂದು ತಲೆಯಾಡಿಸಿದಳು.

“ಇದು ರೋಗ ಅಲ್ಲ ಕಣಮ್ಮ, ಮಾಡಿಸ್ಲೇಬೇಕು ಅಂತ ಏನಿಲ್ಲ. ಆದ್ರೆ ಸರಿ ಮಾಡೋ ಆಪರೇಷನ್ ಒಂದಿದೆ. ನಮ್ಮಲ್ಲಿ ಪ್ಲಾಸ್ಟಿಕ್ ಸರ್ಜನ್ ಇದ್ದಾರೆ. ಕೇಳಿ ನೋಡೋಕೇನು?”

ಮನೆಯಲ್ಲಿ ಹೇಳಿದಾಗ ಗಂಡ ಗಾಬರಿಯಾದ. “ಕಿವಿಗೆ ಪ್ಲಾಸ್ಟಿಕ್ ಹಾಕ್ತಾರಾ?” ಎಂದು ಅವನು ಕೂಗಿದ್ದು ಪಕ್ಕದ ಮನೆಗೂ ಕೇಳಿರಬೇಕು.

ದೊಡ್ಡಾಸ್ಪತ್ರೆಗೆ ಹೋದಾಗ ಆ ಸರ್ಜನ್ ಡಾಕ್ಟರಮ್ಮ ಮೊದಲು ಕಿವಿ ಮುಟ್ಟಲೇ ಇಲ್ಲ. “ಯಾಕೆ ಮಾಡಿಸ್ಬೇಕು ಅಂತಿದೀರಿ? ಯಾರಾದ್ರೂ ಬಲವಂತ ಮಾಡ್ತಿದಾರಾ?” ಎಂದು ಕೇಳಿದರು. ಅಕ್ಕ ಒಂದು ಕ್ಷಣ ಯೋಚಿಸಿ, “ಇಲ್ಲ ಮೇಡಂ. ಮೂವತ್ತು ವರ್ಷದಿಂದ ಇದನ್ನ ಬಚ್ಚಿಡೋದೇ ಕೆಲಸ ಆಗಿದೆ. ಸುಸ್ತಾಗಿದೆ” ಅಂದಳು. ಆ ಉತ್ತರ ಡಾಕ್ಟರಮ್ಮನಿಗೆ ಸಾಕಾಯಿತು. ಬೆರಳಿನಿಂದ ಕಿವಿಯನ್ನು ಮೆಲ್ಲಗೆ ಹಿಂದಕ್ಕೊತ್ತಿ ಕನ್ನಡಿ ಹಿಡಿದರು. ತಾಯಿಯ ಹೊಟ್ಟೆಯಲ್ಲಿರುವಾಗ ಕಿವಿಯ ಮೆದು ಎಲುಬಿನಲ್ಲಿ ಒಂದು ಮಡಿಕೆ ಬೀಳಬೇಕಂತೆ, ಅವಳದರಲ್ಲಿ ಬಿದ್ದಿರಲಿಲ್ಲ. ಕಿವಿಯ ಹಿಂದೆ ಗೀರಿ, ಆ ಮಡಿಕೆಯನ್ನು ಹೊಲಿಗೆಯಿಂದ ತರುತ್ತಾರೆ. ಗಾಯದ ಗೆರೆ ಹಿಂಬದಿಯಲ್ಲೇ ಅಡಗಿರುತ್ತದೆ. ಕಿವಿ ಮಾತ್ರ ಮರಗಟ್ಟಿಸುತ್ತಾರೆ, ಎಚ್ಚರ ಇರುತ್ತದೆ. ಒಂದು ವಾರ ತಲೆಗೆ ಪಟ್ಟಿ, ಆಮೇಲೆ ಒಂದೂವರೆ ತಿಂಗಳು ಮಲಗುವಾಗ ಬಟ್ಟೆಯ ಪಟ್ಟಿ.

“ಇನ್ನೊಂದು ಮಾತು,” ಅಂದರು ಡಾಕ್ಟರಮ್ಮ. “ಎರಡೂ ಕಿವಿ ಅಚ್ಚು ಹೊಯ್ದ ಹಾಗೆ ಒಂದೇ ಥರ ಆಗೋದಿಲ್ಲ. ಹಾಗಂದ್ಕೊಂಡು ಬಂದ್ರೆ ಬೇಜಾರಾಗುತ್ತೆ.”

ಅಕ್ಕನಿಗೆ ನಗು ಬಂತು. “ಮೇಡಂ, ಇಪ್ಪತ್ತು ವರ್ಷದಲ್ಲಿ ಸಾವಿರಾರು ಜನರ ಕಿವಿ ನೋಡಿದೀನಿ. ಎರಡೂ ಕಿವಿ ಒಂದೇ ಎತ್ತರದಲ್ಲಿರೋ ಮನುಷ್ಯ ನನಗಿನ್ನೂ ಸಿಕ್ಕಿಲ್ಲ. ಅದಕ್ಕೇ ನನಗೆ ಸಂಬಳ.”

ಡಾಕ್ಟರಮ್ಮನೂ ನಕ್ಕರು.

ಎಲ್ಲಕ್ಕಿಂತ ಕಷ್ಟದ್ದು ಅಪ್ಪನಿಗೆ ಹೇಳುವುದಾಗಿತ್ತು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತರಾದ ಅಪ್ಪ ಎರಡು ಬೀದಿಯಾಚೆ ಮಗನ ಮನೆಯಲ್ಲಿದ್ದರು. ಅವರ ಕಿವಿಯನ್ನೇ ಕಿತ್ತು ಮಗಳಿಗಿಟ್ಟ ಹಾಗಿತ್ತು ರೂಪ. ಅದನ್ನು ಸರಿಪಡಿಸಿಕೊಳ್ಳುತ್ತೇನೆ ಎನ್ನುವುದು, ನೀನೇ ಸರಿಯಿಲ್ಲ ಎಂದು ಮುಖಕ್ಕೆ ಹೇಳಿದ ಹಾಗಾಗುವುದಿಲ್ಲವೇ? ಭಾನುವಾರ ಬೆಳಿಗ್ಗೆ ಹೋಗಿ, ಅಪ್ಪನ ಅಂಗಿಯ ಗುಂಡಿ ಹೊಲಿಯುತ್ತ, ತಲೆ ಎತ್ತದೆ ಹೇಳಿಬಿಟ್ಟಳು.

ಅಪ್ಪ ತಮ್ಮ ಮೂಗು ಸವರಿಕೊಂಡರು. “ಮೂಗು ನಂದೇ ಇಟ್ಕೋತೀಯಾ, ಅದನ್ನೂ ವಾಪಸ್ ಕೊಡ್ತೀಯಾ?” ಅಂದರು.

“ಅಪ್ಪಾ!”

“ತಮಾಷೆಗಂದೆ ಪುಟ್ಟೀ. ನಿನಗೊಂದು ವಿಷಯ ಗೊತ್ತಿಲ್ಲ. ನೀನು ಹುಟ್ಟಿದ ದಿನವೇ ನಿನ್ನ ಕಿವಿ ನೋಡಿದೆ. ನನ್ನ ಮೇಷ್ಟ್ರು ನನ್ನ ಕಿವಿ ಹಿಂಡಿದ್ದೆಲ್ಲ ನೆನಪಾಯ್ತು. ಆರು ತಿಂಗಳು, ನೀನು ನಿದ್ದೆ ಹೋದ ಮೇಲೆ ಮೆತ್ತನೆ ಪಂಚೆ ಹರಿದು ನಿನ್ನ ತಲೆಗೆ ಕಟ್ತಿದ್ದೆ, ಕಿವಿ ಹಿಂದಕ್ಕೆ ಹೋಗ್ಲಿ ಅಂತ. ಕೊನೆಗೆ ನಿಮ್ಮಮ್ಮ, ಮಗೂಗೆ ಉಸಿರು ಕಟ್ಟುತ್ತೆ ಅಂತ ಬೈದು ಬಿಚ್ಚಿಸಿದಳು. ನನ್ನ ಕೈಲಾಗಲಿಲ್ಲ. ಡಾಕ್ಟ್ರ ಕೈಲಾಗುತ್ತೆ ಅಂದ್ರೆ ಮಾಡಿಸ್ಕೋ.”

ಅಕ್ಕನ ಕಣ್ಣು ಮಂಜಾಗಿ ಸೂಜಿ ಬೆರಳಿಗೆ ಚುಚ್ಚಿತು. ನಲವತ್ತೊಂದು ವರ್ಷ ಅಪ್ಪ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರು.

ಆಪರೇಷನ್ನಿನ ದಿನ ಮರಗಟ್ಟಿಸುವ ಸೂಜಿಗಳೇ ನಿಜವಾಗಿ ಉರಿಸಿದ್ದು. ಆಮೇಲೆ ನೋವಿಲ್ಲ, ಸದ್ದು ಮಾತ್ರ. ಕಿವಿಯ ಪಕ್ಕದಲ್ಲೇ ಕತ್ತರಿಯಾಡುವ, ದಾರ ಎಳೆಯುವ ಸದ್ದು ತಲೆಬುರುಡೆಯ ಒಳಗಿಂದಲೇ ಬಂದಂತೆ ಕೇಳುತ್ತಿತ್ತು. ಯಾರೋ ದಪ್ಪ ಬಟ್ಟೆಗೆ ಅಂಚು ಹೊಲಿಯುತ್ತಿದ್ದಾರೆ, ಆ ಬಟ್ಟೆ ತಾನೇ ಎನ್ನುವ ಹಾಗೆ. ರಜೆಯಿದ್ದರೂ ಅಂದು ಕೆಲಸಕ್ಕೆ ಬಂದ ನರ್ಸಮ್ಮ ಒಂದೂವರೆ ಗಂಟೆ ಅವಳ ಕೈ ಹಿಡಿದುಕೊಂಡು ನಿಂತರು. “ನಿಮ್ಮ ಅಂಗಡೀಲಿ ಎಂಥೆಂಥ ಗಿರಾಕಿ ಬರ್ತಾರೆ ಹೇಳು” ಎಂದು ಮಾತಿಗೆಳೆದರು. ಎರಡು ಕನ್ನಡಕ ಒಂದರ ಮೇಲೊಂದು ಹಾಕಿಕೊಂಡು ಬಂದು, ಕನ್ನಡಕ ಕಳೆದುಹೋಗಿದೆ ಎಂದು ಜಗಳ ತೆಗೆದ ವಕೀಲರ ಕತೆಯನ್ನು ಅಕ್ಕ ಹೇಳಿದಾಗ, “ನಗಿಸ್ಬೇಡಿ, ಕೈ ಅಲ್ಲಾಡುತ್ತೆ” ಎಂದು ಡಾಕ್ಟರಮ್ಮ ಗದರಿದರು.

ಅಂದು ಸಂಜೆಯೇ ಮನೆಗೆ ಕಳಿಸಿದರು. ತಲೆಗೆ ದಪ್ಪ ಪಟ್ಟಿ, ಬೆನ್ನಿಗೆ ಮೂರು ದಿಂಬು, ಮಗ್ಗುಲಾಗುವಂತಿಲ್ಲ. ಹತ್ತಿ ತುಂಬಿದ ಪಟ್ಟಿಯೊಳಗೆ ಲೋಕವೇ ದೂರ ಹೋದಂತೆ ಕೇಳುತ್ತಿತ್ತು. ಗಂಡನ ಗಂಟಲು ಮಾತ್ರ ಸರಿಯಾದ ಅಳತೆಯಲ್ಲಿತ್ತು. “ನೋಡಿದ್ಯಾ, ಇಷ್ಟು ವರ್ಷ ಕೂಗಿ ಕೂಗಿ ಅಭ್ಯಾಸ ಮಾಡಿದ್ದು ಇದಕ್ಕೇ” ಎಂದು ಅವನು ಎದೆಯುಬ್ಬಿಸಿದ. ಅಡಿಗೆ ಮಾಡಿದ, ಮಾತ್ರೆ ಕೊಟ್ಟ, ಆಸ್ಪತ್ರೆಯವರು ಕೊಟ್ಟ ಸೂಚನೆಯ ಹಾಳೆಯನ್ನು ಮುದ್ರಣದ ತಪ್ಪು ಹುಡುಕುವವನಂತೆ ನಾಲ್ಕು ಸಲ ಓದಿದ.

ಆ ಓದು ಉಪಯೋಗಕ್ಕೆ ಬಂತು. ಮೂರನೆಯ ದಿನ ಮಧ್ಯಾಹ್ನ ಬಲಗಿವಿ ಸಿಡಿಯತೊಡಗಿತು. ಎಡಗಿವಿಯ ನೋವು ಇಳಿಯುತ್ತಿದ್ದರೆ ಬಲಗಿವಿಯದು ಏರುತ್ತಲೇ ಹೋಯಿತು. ಆಪರೇಷನ್ ಅಂದಮೇಲೆ ನೋವು ಇದ್ದದ್ದೇ ಎಂದು ಅವಳು ಹಲ್ಲು ಕಚ್ಚಿಕೊಂಡು ಕೂತಿದ್ದಳು. ಗಂಡ ಹಾಳೆ ತಂದು ಮುಂದೆ ಹಿಡಿದ. “ಇಲ್ಲಿ ನೋಡು, ಒಂದೇ ಕಿವಿಯಲ್ಲಿ ನೋವು ಹೆಚ್ಚಾದರೆ ತಡಮಾಡದೆ ಬನ್ನಿ ಅಂತ ಬರೆದಿದೆ. ಏಳು, ಏಳು.”

“ಸುಮ್ನೆ ಅವರಿಗ್ಯಾಕ್ರೀ ತೊಂದರೆ...”

“ತೊಂದರೆ ಕೊಡಿ ಅಂತ ಅವರೇ ಅಚ್ಚು ಹಾಕಿಸಿದಾರಲ್ಲೇ!”

ಪಟ್ಟಿ ಬಿಚ್ಚಿ ನೋಡಿದರೆ ಚರ್ಮದ ಕೆಳಗೆ ರಕ್ತ ಹೆಪ್ಪುಗಟ್ಟಿ ಉಬ್ಬಿತ್ತು. ನೂರರಲ್ಲಿ ಕೆಲವರಿಗೆ ಹೀಗಾಗುತ್ತದೆ, ಯಾರ ತಪ್ಪೂ ಅಲ್ಲ, ಆದರೆ ಬಿಟ್ಟರೆ ಕಿವಿಯ ಎಲುಬು ಹಾಳಾಗುತ್ತದೆ ಎಂದರು ಡಾಕ್ಟರಮ್ಮ. ಅರ್ಧ ಗಂಟೆಯಲ್ಲಿ ಹೆಪ್ಪು ತೆಗೆದು, ತೊಳೆದು, ಮತ್ತೆ ಪಟ್ಟಿ ಸುತ್ತಿದರು. ಸಿಡಿತ ಅಲ್ಲೇ ನಿಂತಿತು. “ಬೇಗ ಕರ್ಕೊಂಡು ಬಂದ್ರಿ, ಒಳ್ಳೇದಾಯ್ತು” ಎಂದು ಅವರು ಗಂಡನ ಕಡೆ ತಿರುಗಿ ಹೇಳಿದಾಗ ಅವನಿಗೆ ಮೊದಲ ಬಾರಿಗೆ ಧ್ವನಿಯೇ ಹೊರಡಲಿಲ್ಲ.

ವಾರದ ಮೇಲೆ ಪಟ್ಟಿ ಬಿಚ್ಚಿದರು. ಕನ್ನಡಿಯಲ್ಲಿ ಕಂಡದ್ದು ಬದನೆಕಾಯಿ ಬಣ್ಣದ, ಊದಿಕೊಂಡ, ತಲೆಗೆ ಅಂಟಿಸಿದಂಥ ಎರಡು ಕಿವಿ. ಹೀಗೇ ಇರುತ್ತದೆಂದು ಮೊದಲೇ ಹೇಳಿದ್ದರು. ಆದರೂ ಅವಳು ಕನ್ನಡಿಯನ್ನು ಮಗುಚಿಟ್ಟಳು. ಬಣ್ಣ ಇಳಿಯಲು ಮೂರು ವಾರ ಬೇಕಾಯಿತು. ಸ್ಪರ್ಶ ಬರಲು ಇನ್ನೂ ಹೆಚ್ಚು. ಫೋನನ್ನು ಕಿವಿಗೆ ಹಿಡಿದರೆ ಬೇರೆ ಯಾರದೋ ಕಿವಿಗೆ ಹಿಡಿದ ಹಾಗಿರುತ್ತಿತ್ತು. ಅರಿವು ಮರಳುವಾಗ ಇರುವೆ ಹರಿದಂಥ ನವೆ, ಕೆರೆಯುವಂತಿಲ್ಲ.

ಎರಡನೆಯ ವಾರದ ಕೊನೆಗೆ ಕೆಲಸಕ್ಕೆ ಹೋದಾಗ ಹೊಸ ತಾಪತ್ರಯ ಎದುರಾಯಿತು. ಇನ್ನೂ ಕೆಲವು ವಾರ ಕನ್ನಡಕದ ಕಡ್ಡಿ ಕಿವಿಯ ಹಿಂದೆ ತಾಗುವಂತಿಲ್ಲ. ಕನ್ನಡಕವಿಲ್ಲದೆ ತಿರುಪು ಕಾಣುವುದಿಲ್ಲ. ಕನ್ನಡಕದ ಅಂಗಡಿಯಲ್ಲಿ ಕೂತು ಕನ್ನಡಕ ಹಾಕುವಂತಿಲ್ಲದ ಗತಿ. ಯಜಮಾನರು ಅದನ್ನು ನೋಡಿ ಒಳಗೆ ಹೋದರು. ಮರುದಿನ ಬೆಳಿಗ್ಗೆ ಅವಳ ಮೇಜಿನ ಮೇಲೆ ಕಡ್ಡಿಯೇ ಇಲ್ಲದ, ಮೂಗಿಗೆ ಕಚ್ಚಿ ಕೂರುವ ಹಳೆಗಾಲದ ಕನ್ನಡಕವೊಂದಿತ್ತು. ಅವರ ತಂದೆ ಅಂಗಡಿ ನಡೆಸುತ್ತಿದ್ದ ಕಾಲದ ಫ್ರೇಮು. ಅದಕ್ಕೆ ಅವಳ ನಂಬರಿನ ಗಾಜು ಉಜ್ಜಿ ಕೂರಿಸಿ, ಮೂಗು ನೋಯದ ಹಾಗೆ ಮೆತ್ತೆಯನ್ನೂ ಅಂಟಿಸಿದ್ದರು.

“ಹಾಕ್ಕೊಂಡು ನೋಡಮ್ಮ, ಕಚ್ಚುತ್ತಾ?”

“ಇಲ್ಲ ಸಾರ್” ಎಂದು ಅವಳು ತಿರುಪಿನ ಡಬ್ಬಿಯನ್ನು ಹತ್ತಿರಕ್ಕೆಳೆದುಕೊಂಡಳು.

ಗಿರಾಕಿಗಳಿಗೆ ಅದೊಂದು ಮೋಜಾಯಿತು. ಹಳೆಗಾಲದ ಜಡ್ಜಿನ ಹಾಗೆ ಕಾಣುತ್ತಾಳೆಂದು ‘ಜಡ್ಜಮ್ಮ ಬಂದ್ರಾ?’ ಎಂದು ಕೇಳಿಕೊಂಡು ಬಂದರು. ಇಬ್ಬರು ತಮಗೂ ಅಂಥದೇ ಬೇಕೆಂದು ಹಟ ಹಿಡಿದರು.

ಎರಡು ತಿಂಗಳು ಕಳೆದ ಮೇಲೆ ಒಂದು ಸೋಮವಾರ ಅಕ್ಕ ಕೂದಲನ್ನು ಎತ್ತಿ ಕಟ್ಟಿ, ಹಿಂದೆ ಒಂದು ಕ್ಲಿಪ್ಪು ಸಿಕ್ಕಿಸಿಕೊಂಡು ಅಂಗಡಿಗೆ ಬಂದಳು. ಇಡೀ ಬೀದಿ ತಿರುಗಿ ನೋಡುತ್ತದೆಂದುಕೊಂಡಿದ್ದಳು. ಒಬ್ಬರು “ಸಣ್ಣ ಆದ್ರಾ ಅಕ್ಕಾ?” ಅಂದರು. ಇನ್ನೊಬ್ಬರು “ಚೆನ್ನಾಗಿ ನಿದ್ದೆ ಆಗಿರೋ ಹಾಗಿದೆ” ಅಂದರು. ಕಿವಿಯ ಸುದ್ದಿ ಒಬ್ಬರೂ ಎತ್ತಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಸ್ವಲ್ಪ ನಿರಾಸೆಯೇ ಆಯಿತು. ಸಂಜೆ ಬಾಗಿಲು ಹಾಕುವಾಗ ನಗು ಬಂತು. ತಾನು ಮೂವತ್ತು ವರ್ಷ ಕಾವಲು ಕಾದ ಗುಟ್ಟು ಯಾರಿಗೂ ಬೇಕಾಗಿರಲಿಲ್ಲ. ಅಂದು ಮನೆಗೆ ನಡೆದುಕೊಂಡೇ ಹೋದಳು, ಕುತ್ತಿಗೆಗೆ ಗಾಳಿ ಬಡಿಯಲಿ ಎಂದು ಸುತ್ತುದಾರಿ ಹಿಡಿದು.

ಆರು ತಿಂಗಳಿಗೆ ಕೊನೆಯ ಪರೀಕ್ಷೆ. ಎಡಗಿವಿ ಬಲಗಿವಿಗಿಂತ ಒಂದು ಎಳೆ ಮುಂದಿತ್ತು. ಅದನ್ನು ಡಾಕ್ಟರಮ್ಮನಿಗಿಂತ ಮೊದಲು ಅವಳೇ ಹೇಳಿದಳು. ಡಾಕ್ಟರಮ್ಮ ಹೊಸ ಫೋಟೋ ತೆಗೆದು, ಆಪರೇಷನ್ನಿಗೆ ಮೊದಲು ತೆಗೆದದ್ದನ್ನು ಪಕ್ಕದಲ್ಲಿಟ್ಟು ತೋರಿಸಿದರು. ಹಳೆಯ ಫೋಟೋದಲ್ಲಿ ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿಸಿಕೊಂಡ ಹೆಂಗಸೊಬ್ಬಳು ಬೆದರಿದ ಕಣ್ಣಿನಿಂದ ನೋಡುತ್ತಿದ್ದಳು. ಅಕ್ಕ ಬಹಳ ಹೊತ್ತು ಅದನ್ನೇ ನೋಡಿದಳು.

“ಪಾಪ,” ಅಂದಳು. “ಚೆನ್ನಾಗೇ ಇದ್ದಳಲ್ಲ ಇವಳು.”

“ಅಯ್ಯೋ! ಮಾಡಿಸ್ಕೊಂಡಿದ್ದಕ್ಕೆ ಬೇಜಾರಾ?” ನರ್ಸಮ್ಮ ಗಾಬರಿಯಿಂದ ಕೇಳಿದರು.

“ಇಲ್ಲಮ್ಮ. ಮಾಡಿಸ್ಕೊಂಡಿದ್ದಕ್ಕೇ ಇವಳನ್ನ ಹೀಗೆ ನೋಡೋಕಾಯ್ತು. ಇಷ್ಟು ವರ್ಷ ಕನ್ನಡಿ ಮುಂದೆ ನಿಂತು ಇವಳನ್ನ ಬೈದಿದ್ದಕ್ಕೆ ಬೇಜಾರು ಅಷ್ಟೆ.”

ಹೊರಡುವ ಮುಂಚೆ ಇಬ್ಬರ ಕೈಯನ್ನೂ ಹಿಡಿದುಕೊಂಡಳು. ನರ್ಸಮ್ಮನ ಕನ್ನಡಕ ಸೊಟ್ಟಗಾಗಿದ್ದದ್ದು ಕಂಡು ಅಲ್ಲೇ ತೆಗೆದು, ಕಡ್ಡಿ ನೇರ ಮಾಡಿ, ಗಾಜು ಒರೆಸಿ, ಮತ್ತೆ ಅವರ ಮುಖಕ್ಕೆ ಏರಿಸಿದಳು.

ಈಗ ಕೆಲವರು ಅವಳ ಸುದ್ದಿ ತಿಳಿದು ಸಲಹೆ ಕೇಳಿಕೊಂಡು ಬರುತ್ತಾರೆ. ಹೋದ ತಿಂಗಳು ಒಬ್ಬ ತಾಯಿ ಎಂಟು ವರ್ಷದ ಮಗಳನ್ನು ಎಳೆದುಕೊಂಡು ಬಂದಿದ್ದರು. ಹುಡುಗಿ ಎರಡು ಜುಟ್ಟು ಹಾಕಿಕೊಂಡು, ಅಗಲ ಕಿವಿಯನ್ನು ರಾಜಾರೋಷವಾಗಿ ಮೆರೆಸಿಕೊಂಡು, ಅಂಗಡಿಯ ಕನ್ನಡಕಗಳನ್ನೆಲ್ಲ ಹಾಕಿ ನೋಡುತ್ತಿದ್ದಳು. ಅಕ್ಕ ನೋವು, ನವೆ, ಹೆಪ್ಪುಗಟ್ಟಿದ ರಕ್ತ, ದಿಂಬು, ಒಂದನ್ನೂ ಬಿಡದೆ ಹೇಳಿದಳು. ಎಷ್ಟು ನೆಮ್ಮದಿಯಾಯಿತು ಎನ್ನುವುದನ್ನೂ ಹೇಳಿದಳು. ಕೊನೆಗೆ, “ಅವಳಿಗೆ ಬೇಕು ಅನ್ಸಿದ್ರೆ ಅವಳೇ ಕೇಳ್ತಾಳೆ. ಆಗ ಇಲ್ಲ ಅನ್ಬೇಡಿ. ಅಲ್ಲಿವರೆಗೆ ಆ ಮಾತೇ ಎತ್ಬೇಡಿ” ಅಂದಳು.

ಅಪ್ಪನಿಗೆ ಎರಡೂ ಫೋಟೋ ತಂದುಕೊಟ್ಟಿದ್ದಳು. ಅವರು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದನ್ನೇ ನೋಡಿ, ಹಳೆಯದನ್ನು ಜೇಬಿಗಿಟ್ಟುಕೊಂಡರು. “ಹೊಸದು ನಿನ್ನ ಗಂಡನಿಗಿರಲಿ. ನನಗೆ ಹೊಸದನ್ನ ನೋಡ್ಬೇಕು ಅನ್ಸಿದ್ರೆ ನೀನೇ ಬರ್ತೀಯಲ್ಲ ಭಾನುವಾರ ಭಾನುವಾರ” ಅಂದರು. ಅವಳು ಒಂದು ಭಾನುವಾರವನ್ನೂ ತಪ್ಪಿಸಿಲ್ಲ.