ಮಿರ್ಲೆಯ ಮಜ್ಜಿಗೆ

ಐವತ್ತರ ದಶಕದಲ್ಲಿ ನಾನು ಚಳಿಜ್ವರ ಬಾರದಂತೆ ತಡೆಯುವ ಟಾನಿಕ್ಕೊಂದರ ಪ್ರಚಾರಕ್ಕೆ ಹಳ್ಳಿ ಹಳ್ಳಿ ಸುತ್ತುತ್ತಿದ್ದೆ. ಮಿರ್ಲೆಗೆ ಹೋದಾಗ ಸುಡುಬಿಸಿಲು. ಊರ ಮಕ್ಕಳಿಗೆಲ್ಲ ಟಾನಿಕ್ ಕುಡಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಗೌಡರ ಜಗಲಿಯಲ್ಲಿ ಜನ ಸೇರಿದ್ದರು. ಮಾತಾಡಿ ಮಾತಾಡಿ ನನ್ನ ಗಂಟಲು ಒಣಗಿತು. ಒಬ್ಬರೂ ಒಂದು ಲೋಟ ನೀರು ಕೊಡಲಿಲ್ಲ. ಎಂಥ ಜನವಪ್ಪಾ ಎಂದು ಸಿಟ್ಟೇ ಬಂತು.

"ದೊಡ್ಡ ಡಾಕ್ಟರುಗಳೇ ಪರೀಕ್ಷೆ ಮಾಡಿ ಈ ಟಾನಿಕ್ ಒಳ್ಳೆಯದೆಂದು ಬರೆದಿದ್ದಾರೆ" ಎಂದೆ.

"ಪರೀಕ್ಷೆ ಮಾಡುವಾಗ ಅವರು ಯಾರ ಮನೇಲಿ ಉಂಡ್ರು ಸ್ವಾಮಿ?" ಎಂದರು ಗೌಡರು. "ನಮ್ಮಲ್ಲಿ ನ್ಯಾಯ ಹೇಳೋಕೆ ಬಂದೋರು ತೀರ್ಪಾಗೋಗಂಟ ಯಾರ ಮನೆ ನೀರೂ ಮುಟ್ಟಾಕಿಲ್ಲ ಕಣ್ರೀ."

"ಅವರ ಊಟದ ಖರ್ಚೆಲ್ಲ ಟಾನಿಕ್ ಕಂಪನಿಯದೇ. ಬರೆದದ್ದನ್ನು ತಿದ್ದಿದವರೂ ಕಂಪನಿಯವರೇ."

"ನಿಮ್ ಸಂಬಳ?"

"ಅದೂ ಅವರದೇ."

ಗೌಡರ ಮುಖ ಅರಳಿತು. "ಅಂಗಾರೆ ನೀವು ನ್ಯಾಯ ಹೇಳೋಕೆ ಬಂದೋರಲ್ಲ, ಯಾಪಾರಕ್ಕೆ ಬಂದೋರು! ಮೊದ್ಲೇ ಹೇಳಬಾರದಾ?" ಎಂದವರೇ ಒಳಕ್ಕೆ ತಿರುಗಿ ಕೂಗಿದರು: "ಇವ್ರಿಗೆ ಮಜ್ಜಿಗೆ ತತ್ತಾ ಕಣಮ್ಮಿ!"

ಮಿರ್ಲೆಯಲ್ಲಿ ಒಂದು ಬಾಟಲಿಯೂ ಹೋಗಲಿಲ್ಲ. ಮುಂದಿನ ಊರಲ್ಲಿ ಮಾತ್ರ, ಜಗಲಿ ಹತ್ತುವ ಮುಂಚೆಯೇ ನನಗೆ ಸಂಬಳ ಕೊಡುವವರು ಯಾರೆಂದು ಹೇಳಿಬಿಟ್ಟೆ. ಬಾಯಾರಿಕೆ ಅಷ್ಟಿತ್ತು.